ಅವ್ವಗ ಬಿಡಿ ಚಾನೆಲ್, ನಮಗ ಪ್ಯಾಕ್ – ಗದಗ, ಹುಬ್ಬಳ್ಳಿ ಎರಡೂ ಕಡೆ ಕೇಬಲ್ ನಡಸಿ ನೋಡಿ ಬರದ ರಿವ್ಯೂ

ನಮ್ಮ ಮನಿ ಹುಬ್ಬಳ್ಳಿ ಗೋಕುಲ ರೋಡ್ ಕಡೆ, ಅವ್ವ ಇರೋದು ಗದಗ-ಬೆಟಗೇರಿಯೊಳಗ. ಎರಡೂ ಕಡೆ ಕೇಬಲ್ ಐತಿ, ಎರಡರ ರೊಕ್ಕಾನೂ ಪ್ರತಿ ತಿಂಗಳ ನನ್ನ ಫೋನ್‌ನಿಂದನ ಹೋಗ್ತದ. ಹೋದ ದೀಪಾವಳಿಯಿಂದ ಅವ್ವನ ಕನೆಕ್ಷನ್ ಬಿಡಿ ಚಾನೆಲ್ (ಬೇಕಾದ ಚಾನೆಲ್ ಒಂದೊಂದಾಗಿ ಆರಿಸಿ ತೊಗೊಳ್ಳೋದು) ಲೆಕ್ಕಕ್ಕ ಹಾಕ್ಸೇನಿ, ನಮ್ಮದು ಮೊದಲಿನಂಗ ಪ್ಯಾಕ್‌ನಾಗನ ಐತಿ. ಈಗ ಶ್ರಾವಣ, ಒಂಬತ್ತ ತಿಂಗಳಾತು, ಎರಡೂ ಬಾಜೂಕ ಇಟ್ಟು ನೋಡಾಕ ಇಷ್ಟ ದಿನ ಸಾಕು ಅನಿಸ್ತು ಅದಕ್ಕ ಬರ್ಯಾಕತ್ತೇನಿ. ಆಪರೇಟರ್ ಹೆಸರ ಎರಡೂ ಕಡೇದು ಬರಿಯಂಗಿಲ್ಲ, ಇಬ್ಬರೂ ಓಣಿಯೊಳಗ ದಿನಾ ಮಾರಿ ನೋಡೋ ಮಂದಿ, ತಪ್ಪು ಅವರದಷ್ಟ ಅಲ್ಲ ಅನ್ನೋದೂ ಮುಂದ ಹೇಳ್ತೇನಿ.

ಮೊದಲ ಅವ್ವನ ಮನಿ ಕಥಿ. ದೀಪಾವಳಿಗೆ ಹೋದಾಗ ಕೇಬಲ್ ಹುಡುಗ ಬಂದ, 330 ರೂಪಾಯಿ ಆಯೀ ಅಂದ, ಅವ್ವ ಡಬ್ಬಿಯೊಳಗಿಂದ ತಗದ ಕೊಟ್ಲು. (ಆಗ ಅವ್ವನ ಕೈಲೆನ ಕೊಡ್ತಿದ್ಲು, ಫೋನ್‌ನಾಗ ನಾ ಕಟ್ಟೋದು ಆಮ್ಯಾಲಿಂದು.) ಪಾವತಿ ಕೇಳಿದ್ರ ಮೊಬೈಲ್‌ಗೆ ಮೆಸೇಜ್ ಬರ್ತದ ಅಂದ, ಆ ಮೆಸೇಜ್ ಹೋಗ್ತಿದ್ದಿದ್ದು ನಮ್ಮ ಅಪ್ಪನ ಹಳೇ ನಂಬರಿಗೆ, ಅಪ್ಪ ತೀರಿಕೊಂಡು ಮೂರ ವರ್ಷಾತು, ಆ ಸಿಮ್ ಬಂದಾಗೇತಿ. ಅಂದ್ರ ಮೂರ ವರ್ಷದಿಂದ ಅವ್ವ ಯಾವದಕ್ಕ ರೊಕ್ಕಾ ಕೊಡಾಕತ್ತಾಳ ಅನ್ನೋದು ಮನ್ಯಾಗ ಒಬ್ಬರಿಗೂ ಗೊತ್ತಿದ್ದಿಲ್ಲ. ನನಗ ಭಾಳ ಕೆಟ್ಟ ಅನಿಸ್ತು, 330 ರೂಪಾಯಿ ಹೋತಲ್ಲ ಅಂತಲ್ಲ, ನಾ ಮಗ ಆಗಿ ಒಮ್ಮೆಯರೆ ಕೇಳಿಲ್ಲಲ್ಲ ಅಂತ.

ಆಮ್ಯಾಲ ರಿಮೋಟ್ ನೋಡಿದೆ. ಅದರ ಹಿಂದ ಒಂದ ಚೀಟಿ ಅಂಟಿಸ್ಯಾಳ, ಬಾಲ್ ಪೆನ್ನಿಲೆ ಐದ ನಂಬರ್ ಬರದದ್ದು ಐತಿ, ಚಾನೆಲ್ ಹೆಸರ ಇಲ್ಲ. ನಾಕ ನಂಬರ್ ಸೀರಿಯಲ್‌ವು, ಒಂದು ಚಂದನ. ಸಂಜಿ ಆರೂವರಿಗೆ ದೇವರಿಗೆ ದೀಪಾ ಹಚ್ಚಿ ಟಿವಿ ಚಾಲೂ ಮಾಡಿದ್ರ ರಾತ್ರಿ ಹತ್ತರ ತನಕ ಈ ಐದರಾಗನ ತಿರಗ್ತಾಳ, ಬ್ಯಾರೆ ಯಾವ ನಂಬರೂ ಒತ್ತಂಗಿಲ್ಲ, ಒತ್ತಿದ್ರ ಹೊಳ್ಳಿ ಬರಾಕ ತಿಳಿಯಂಗಿಲ್ಲ ಅಂತ ಅಂಜ್ತಾಳ. ಪ್ಯಾಕ್‌ನಾಗ ಏನೇನ ಐತಿ ಅಂತ ನಾ ಕುಂತು ಒಂದೊಂದ ತಿರುವಿ ನೋಡಿದ್ರ ಇಂಗ್ಲಿಷ್ ಸಿನಿಮಾ, ಬ್ಯುಸಿನೆಸ್ ನ್ಯೂಸ್, ಹಿಂದಿ ಕಾರ್ಟೂನ್, ಎರಡ ಮೂರ ಭಾಷೆಯೊಳಗ ಸ್ಪೋರ್ಟ್ಸ್. ಎಪ್ಪತ್ತೆರಡ ವರ್ಷದ ಹೆಣಮಗಳು, ಒಬ್ಬಾಕಿನ ಇರ್ತಾಳ, ಆಕಿಗೆ ಇದರಾಗ ಯಾವದು ಬೇಕಿತ್ತ್ರಿ?

ಈ ಪ್ಯಾಕ್ ಆಕೀಗೆ ಹೆಂಗ ಬಂದಿತ್ತು ಅಂತ ಹುಡುಕಿದೆ. 2019ರ ಫೆಬ್ರವರಿ 1ರಿಂದ ಟ್ರಾಯ್‌ದ, ಅಂದ್ರ ಫೋನ್ ಟಿವಿ ಕಂಪನಿಗಳ ಮ್ಯಾಲ ನಿಗಾ ಇಡೋ ಸರ್ಕಾರಿ ಸಂಸ್ಥೆಯ, ಹೊಸ ರೂಲ್ ಬಂತಲ್ಲ, ಗಿರಾಕಿ ತಾನ ಚಾನೆಲ್ ಆರಿಸ್ಕೊಬೇಕು, ನೋಡಿದ ಚಾನೆಲ್‌ಗಷ್ಟ ರೊಕ್ಕಾ ಅಂತ. ರೂಲ್ ಬರದದ್ದು 2017ರಾಗ, ಕೋರ್ಟಿನಾಗ ಸಿಕ್ಕೊಂಡು 2018ರ ಅಕ್ಟೋಬರ್‌ದಾಗ ಸುಪ್ರೀಂ ಕೋರ್ಟ್ ಟ್ರಾಯ್ ಪರ ತೀರ್ಪು ಕೊಟ್ಟ ಮ್ಯಾಲ ಜಾರಿ ಆತು. ಆಗ ದೇಶಾದ್ಯಂತ ಕೋಟಿಗಟ್ಟಲೆ ಮಂದಿ ಆರಿಸಿನ ಇದ್ದಿಲ್ಲ, ಟೈಮ್ ಮಾರ್ಚ್ 31ರ ತನಕ ಕೊಟ್ರು, ಆರಿಸದವರಿಗೆ ಆಪರೇಟರನ ಅವರ ಭಾಷೆ ನೋಡಿ, ಯಾವ ಚಾನೆಲ್ ಹೆಚ್ಚ ನೋಡ್ತಾರ ಅಂತ ನೋಡಿ ಒಂದ ‘ಬೆಸ್ಟ್ ಫಿಟ್ ಪ್ಲಾನ್’ ಹಾಕಲಿ ಅಂದ್ರು. ನಮ್ಮ ಅಪ್ಪಾನೂ ಆ ಫಾರ್ಮ್ ತುಂಬಿದ್ದಿಲ್ಲ. ಹಂಗ ಬಂದ ಪ್ಯಾಕ್ ಅದು, ಆಮ್ಯಾಲ ಎರಡ ಮೂರ ಸಲ ಹೆಸರ ಬದಲಾಗಿ ರೇಟ್ ಏರಿ 330ಕ್ಕ ಬಂದ ನಿಂತದ. ಯಾರೂ ಆಕಿನ್ನ ಕೇಳಿಲ್ಲ.

ಅದಕ್ಕೂ ಮೊದಲಿನ ಕಾಲ ನೆನಪಿದ್ದವರಿಗೆ ಗೊತ್ತು, ಒಂದ ಕರೀ ವೈರ್ ಟಿವಿ ಹಿಂದ ಚುಚ್ಚಿದ್ರ ಮುಗೀತು, ಬಂದದ್ದ ಚಾನೆಲ್, ಹೇಳಿದ್ದ ರೇಟ್. ಬೆಂಗಳೂರು ಮೈಸೂರಿಗೆ ಸೆಟಪ್ ಬಾಕ್ಸ್ 2013ರಾಗನ ಕಡ್ಡಾಯ ಆತು, ನಮ್ಮ ಕಡೆ ಅದಾದ ಮ್ಯಾಲ ಬಂತು. ಬಾಕ್ಸ್ ಬಂದದ್ದಕ್ಕನ ಈ ಬಿಡಿ ಲೆಕ್ಕ ಸಾಧ್ಯ ಆಗಿದ್ದು, ಯಾರ ಮನಿಗೆ ಯಾವ ಚಾನೆಲ್ ಬಿಡಬೇಕು ಅನ್ನೋದನ್ನ ಕಾರ್ಡ್ ನಂಬರ್ ಹೊಡದು ಆಫೀಸ್‌ನಾಗ ಕುಂತ ಮಾಡಬಹುದು. ಹಳೇ ವೈರ್‌ನಾಗ ಅದು ಆಗ್ತಿದ್ದಿಲ್ಲ. ಈಗ ಆಗ್ತದ ಅಂದ ಮ್ಯಾಲ ಮಾಡಿ ಕೊಡಬೇಕಲ್ಲ?

ಬಿಲ್ ಹೆಂಗ ಆಗ್ತದ ಅನ್ನೋದು ಭಾಳ ಮಂದಿಗೆ ತಿಳಿದಿಲ್ಲ ಅದಕ್ಕ ಸ್ವಲ್ಪ ಬಿಡಿಸಿ ಹೇಳ್ತೇನಿ. ಬಿಡಿ ಚಾನೆಲ್ ಅಂದ್ರ ಬರೇ ಚಾನೆಲ್ ರೊಕ್ಕಾ ಅಲ್ಲ. ಮೊದಲ ಎನ್‌ಸಿಎಫ್ ಅಂತ ಒಂದ ಐತಿ, ಲೈನ್ ಬಾಡಿಗಿ ಅನ್ರಿ ಬೇಕಾದ್ರ. 2019ರಾಗ 100 ಚಾನೆಲ್‌ಗೆ 130 ರೂಪಾಯಿ ದಾಟಬಾರದು ಅಂತಿತ್ತು, ಮ್ಯಾಲ ಶೇ. 18 ಜಿಎಸ್‌ಟಿ ಕೂಡಿ 153 ರೂಪಾಯಿ 40 ಪೈಸೆ. ನೂರು ದಾಟಿದ್ರ ಪ್ರತಿ 25 ಚಾನೆಲ್‌ಗೆ 20 ರೂಪಾಯಿ ಹೆಚ್ಚಿಗೆ, ಒಂದ ಎಚ್‌ಡಿ ಚಾನೆಲ್ ಅಂದ್ರ ಎರಡ ಸಾದಾ ಚಾನೆಲ್ ಲೆಕ್ಕ. 2020ರ ತಿದ್ದುಪಡಿಯೊಳಗ ಅದ 130ಕ್ಕ 200 ಚಾನೆಲ್ ಕೊಡ್ರಿ ಅಂದ್ರು, ದೂರದರ್ಶನದ ಕಡ್ಡಾಯ ಚಾನೆಲ್ ಆ 200ರ ಹೊರಗ. ಈ 130ರಾಗ ಫ್ರೀ ಚಾನೆಲ್ ಬರ್ತಾವು, ಚಂದನ ಬರ್ತದ, ಕನ್ನಡ ನ್ಯೂಸ್ ಚಾನೆಲ್‌ನೂ ಹೆಚ್ಚಾಗಿ ಫ್ರೀನ. ಪೇ ಚಾನೆಲ್ ಬೇಕಂದ್ರ ಒಂದೊಂದರ ಎಂಆರ್‌ಪಿ ಬ್ಯಾರೆ ಕೊಡಬೇಕು.

ಆ ಎಂಆರ್‌ಪಿಗೆ ಒಂದ ಹದ್ದು ಐತಿ, 19 ರೂಪಾಯಿ ಮೀರಿದ ಚಾನೆಲ್‌ನ ಯಾವ ಗುಂಪಿನಾಗೂ, ಅಂದ್ರ ಪ್ಯಾಕ್‌ನಾಗೂ, ಸೇರಸಾಕ ಬರಂಗಿಲ್ಲ. (ನಡುವ ಇದನ್ನ 12ಕ್ಕ ಇಳಸಿದ್ರು, 2022ರ ನವೆಂಬರ್‌ದಾಗ ಹೊಳ್ಳಿ 19 ಮಾಡಿದ್ರು.) ಕನ್ನಡದ ದೊಡ್ಡ ಮನರಂಜನಾ ಚಾನೆಲ್ ಎಲ್ಲಾ ಗುಂಪಿನಾಗ ಮಾರಾಟ ಆಗೋವ, ಅಂದ್ರ ಒಂದೊಂದೂ 19ರ ಒಳಗ. 2019ರಾಗ ಜೀ ಕನ್ನಡ 19, ಕಲರ್ಸ್ ಕನ್ನಡ 19, ಉದಯ 17, ಉದಯ ಮೂವೀಸ್ 16 ಇದ್ದದ್ದು ನನಗ ಛಲೋ ನೆನಪೈತಿ ಯಾಕಂದ್ರ ಆಗ ಆಫೀಸ್‌ನಾಗ ಎಲ್ಲಾರೂ ಇದ ಲೆಕ್ಕ ಹಾಕ್ಕೊಂತ ಕುಂದರ್ತಿದ್ವಿ.

ಹಂಗಾದ್ರ ಅವ್ವನ ನಾಕ ಪೇ ಚಾನೆಲ್, ಜೀ ಕನ್ನಡ ಕಲರ್ಸ್ ಕನ್ನಡ ಉದಯ ಸುವರ್ಣ, ಹೆಚ್ಚಂದ್ರ ನಾಕ್ ಹತ್ತೊಂಬತ್ಲೆ 76. ಅದಕ್ಕ 130 ಕೂಡಿಸಿ 206, ಜಿಎಸ್‌ಟಿ ಸೇರಿ 243 ರೂಪಾಯಿ. ಲೈನ್ ರೊಕ್ಕಾ 130ನ ಇರೋತನಕ ಇದಕ್ಕಿಂತ ಒಂದ ರೂಪಾಯಿ ಹೆಚ್ಚಾಗಾಕ ಸಾಧ್ಯ ಇಲ್ಲ, ಕಡಿಮಿ ಆಗಬಹುದು. ಕೊಡಾಕತ್ತಿದ್ದು 330. ತಿಂಗಳಿಗೆ 87 ರೂಪಾಯಿ ಅಂದ್ರ ವರ್ಷಕ್ಕ ಸಾವಿರದ ಮ್ಯಾಲ ಆತು. ಪಿಂಚಣಿ ಮ್ಯಾಲ ಇರೋ ಮನಿಗೆ ಅದು ಸಣ್ಣದಲ್ಲ, ಆಕೀ ಬಿಪಿ ಗುಳಿಗಿ ಎರಡ ಮೂರ ತಿಂಗಳದ್ದು ಬರ್ತಾವು ಅದರಾಗ.

ಆದ್ರ ಬದಲಿ ಮಾಡಿಸೋದು ಸುಲಭ ಆಗಲಿಲ್ಲ, ಈ ರಿವ್ಯೂದಾಗ ನಾ ಮಾರ್ಕ್ಸ್ ಕಡಿಮಿ ಕೊಡೋದು ಇಲ್ಲೆನ. ಹುಡುಗಗ ಹೇಳಿದ್ರ ‘ಸಿಸ್ಟಮ್‌ನಾಗ ಬಿಡಿ ಬರಂಗಿಲ್ರಿ ಅಣ್ಣಾ, ಪ್ಯಾಕ್ ಅಷ್ಟ ಅದಾವು’ ಅಂದ. ಅದು ಖರೆ ಅಲ್ಲ. ಪ್ರತಿಯೊಂದ ಪೇ ಚಾನೆಲ್‌ನ ಬಿಡಿಯಾಗಿ ಕೊಡಾಕಬೇಕು ಅನ್ನೋದು ರೂಲ್‌ನಾಗನ ಐತಿ, ಪ್ಯಾಕ್ ತೊಗೊಂಡ್ರಷ್ಟ ಅಂತ ಒತ್ತಾಯ ಮಾಡಾಕ ಬರಂಗಿಲ್ಲ. ನಾ ಸಿಟ್ಟ ಮಾಡಲಿಲ್ಲ, ಅವನೂ ಸಣ್ಣ ಹುಡುಗ, ಅವಗ ಕಲಿಸಿದ್ದನ್ನ ಅವ ಹೇಳ್ತಾನ. ಟಿವಿಯೊಳಗ 999 ನಂಬರ್ ಒತ್ತಿದ್ರ ಆಪರೇಟರ್‌ದ ಗ್ರಾಹಕ ಮಾಹಿತಿ ಬರ್ತದ, ಅಲ್ಲಿಂದ ನಂಬರ್ ತೊಗೊಂಡು ಫೋನ್ ಹಚ್ಚಿದೆ, ಮೊದಲ ದಿನ ಎತ್ತಲಿಲ್ಲ, ಎರಡನೇ ದಿನ ಎತ್ತಿದವರು ಆಫೀಸಿಗೆ ಬರ್ರಿ ಅಂದ್ರು. ಹಬ್ಬದ ರಜಾ ಮುಗಿಯೋದ್ರಾಗ ಮಾಡ್ಬೇಕಿತ್ತು, ಹೋದೆ. ಅಲ್ಲೆ ಕಂಪ್ಯೂಟರ್ ಮುಂದ ಕುಂತ ಅಕ್ಕಾರು ಮಾತ್ರ ಭಾಳ ಛಲೋ ಇದ್ರು, ನಾಕ ಚಾನೆಲ್ ಹೆಸರ ಹೇಳಿದೆ, ಕಾರ್ಡ್ ನಂಬರ್ ಕೊಟ್ಟೆ, ಐದ ನಿಮಿಷದಾಗ ಆತು. ಮೊಬೈಲ್ ನಂಬರೂ ಅಪ್ಪಂದು ತಗದು ನಂದು ಹಾಕ್ಸಿದೆ. ಐದ ನಿಮಿಷದ ಕೆಲಸ ಅದು! ಅದಕ್ಕ ನಾ ಮೂರ ದಿನ ತಿರಗಿದೆ. ನಾ ಇದ್ದೆ ಅಂತ ಆತು, ಅವ್ವನಂಥವರು ಒಬ್ಬರ ಹೋಗಿ ಕೇಳಿದ್ರ ಯಾವತ್ತ ಆಗಬೇಕು?

ಮನಿಗೆ ಬಂದ ನೋಡಿದ್ರ ಅವ್ವನ ಚೀಟಿ ಮ್ಯಾಲಿನ ಐದೂ ನಂಬರ್ ಹಂಗ ನಡದ್ವು. ಆ ರಾತ್ರಿ ಸೀರಿಯಲ್ ತಪ್ಪಲಿಲ್ಲ.

ಹೋದದ್ದೂ ಹೇಳಬೇಕು. ಮಧ್ಯಾನ್ಹ ಊಟಾ ಮಾಡಿ ಅಡ್ಡಾದಾಗ ಹಳೇ ಹಾಡು ಬರೋ ಒಂದ ಮ್ಯೂಸಿಕ್ ಚಾನೆಲ್ ಯಾವಾಗರೆ ಒಮ್ಮೆ ಹಚ್ಚತಿದ್ಲಂತ, ಅದರ ನಂಬರ್ ಚೀಟಿಯೊಳಗ ಇದ್ದಿಲ್ಲ, ಕೈ ಅಡ್ಡಾಡಿದಾಗ ಸಿಗತಿತ್ತು. ಅದು ಬಂದಾತು. ಒಂದ ವಾರ ಬಿಟ್ಟ ಹೇಳಿದ್ಲು, ಹೋಗ್ಲಿ ಬಿಡು ತಮ್ಮಾ ಅಂದ್ಲು. ಪ್ಯಾಕ್‌ನ ಪರ ಮಾತಾಡೋರು ಹೇಳೋದು ಇದನ್ನ, ಏನ ಬೇಕಂತ ಮೊದಲ ಗೊತ್ತಿರಂಗಿಲ್ಲ, ತಿರಗಿಸ್ಕೊಂತ ಹೋದಾಗ ಏನರೆ ಒಂದ ಛಲೋದ ಸಿಗ್ತದ ಅಂತ. ಆ ಮಾತಿನಾಗ ಅರ್ಥ ಐತಿ, ನಾ ಅಲ್ಲಗಳಿಯಂಗಿಲ್ಲ. ಆದ್ರ ಎಲ್ಲೋ ಒಮ್ಮೆ ಹಚ್ಚೋ ಹಾಡಿನ ಚಾನೆಲ್ ಒಂದರ ಸಲುವಾಗಿ ಆಕಿ ಇಂಗ್ಲಿಷ್ ಸಿನಿಮಾಕ್ಕೂ ರೊಕ್ಕಾ ಕೊಡಬೇಕು ಅಂದ್ರ ಒಪ್ಪೂದು ಕಷ್ಟ.

ಇನ್ನ ನಮ್ಮ ಹುಬ್ಬಳ್ಳಿ ಮನಿ. ಇಲ್ಲೆ ಲೆಕ್ಕ ಪೂರ್ತಿ ಉಲ್ಟಾ ಆತು, ನಾನೂ ಹಿಂಗ ಆಗ್ತದ ಅನ್ಕೊಂಡಿದ್ದಿಲ್ಲ. ಗದಗಿಂದ ಬಂದ ಹುರುಪಿನಾಗ ಒಂದ ರವಿವಾರ ಎಲ್ಲಾರನ್ನೂ ಕುಂದರಸಿ ಹಾಳಿ ಮ್ಯಾಲ ಬರೀರಿ ಅಂದೆ, ಯಾರಿಗೆ ಯಾವ ಚಾನೆಲ್ ಇಲ್ಲದ ನಡಿಯಂಗಿಲ್ಲ ಅಂತ. ಮನ್ಯಾಗ ಆರ ಮಂದಿ. ನಮ್ಮ ಮಾವ್ನೋರು ನ್ಯೂಸ್ ಮತ್ತ ಹಳೇ ಸಿನಿಮಾ, ಹೆಂಡ್ತಿ ಮೂರ ಕನ್ನಡ ಚಾನೆಲ್ ಮತ್ತ ಒಂದ ಹಿಂದಿ, ತಮ್ಮ ಸ್ಪೋರ್ಟ್ಸ್, ದೊಡ್ಡ ಮಗಳು ವನ್ಯಜೀವಿ ಚಾನೆಲ್ ಎರಡು, ಸಣ್ಣವ ಚಿಂಟು ಟಿವಿ ಸೇರಿ ಮೂರ ಕಾರ್ಟೂನ್ ಚಾನೆಲ್. ನನಗ ಸಿನಿಮಾ ಒಂದ ಇದ್ರ ಸಾಕು. ಕೂಡಿಸಿದ್ರ ಚಾನೆಲ್ ರೊಕ್ಕಾನ 212 ಆತು, ಅದಕ್ಕ 130, ಮ್ಯಾಲ ಜಿಎಸ್‌ಟಿ, ಹತ್ತಹತ್ತರ 404 ರೂಪಾಯಿ. ನಾವು ಈಗ ಪ್ಯಾಕಿಗೆ ಕೊಡೋದು ಎಲ್ಲಾ ಸೇರಿ 360. ಹಾಳಿ ಮಡಚಿ ಇಟ್ಟೆ, ಪ್ಯಾಕ್ ಹಂಗ ಮುಂದುವರಿಸಿದ್ವಿ.

ಖಾನಾವಳಿಯೊಳಗ ಹಿಂಗ ಆಗ್ತದಲ್ಲ. ಪೂರ್ತಿ ಊಟ ತೊಗೊಂಡ್ರ ರೊಟ್ಟಿ, ಎರಡ ಪಲ್ಯ, ಶೇಂಗಾ ಚಟ್ನಿ, ಮೊಸರು, ಅನ್ನ ಸಾರು ಎಲ್ಲಾ ಒಂದ ರೇಟಿಗೆ. ಹೊಟ್ಟಿ ಹಸದ ಹುಡುಗಗ ಅದ ಸಸ್ತಾ. ಅವ್ವನಂಥಾಕಿಗೆ ಒಂದ ರೊಟ್ಟಿ ಒಂದ ಪಲ್ಯ ಸಾಕು, ಆಕಿಗೆ ಬಿಡಿ ಸಸ್ತಾ. ಯಾವ ಖಾನಾವಳಿಯವರೂ ಪೂರ್ತಿ ತಾಟ ತೊಗೊಂಡ್ರಷ್ಟ ಒಳಗ ಬರ್ರಿ ಅನ್ನಂಗಿಲ್ಲ. ಆದ್ರ ಕೇಬಲ್ ಖಾನಾವಳಿಗಿಂತ ಬ್ಯಾರೆ ಎಲ್ಲಿ ಅಂದ್ರ, ಇಲ್ಲೆ ರೊಟ್ಟಿ ಮುಟ್ಟೋಕಿಂತ ಮೊದಲ ಬೆಂಚಿನ ಮ್ಯಾಲ ಕುಂತದ್ದಕ್ಕ 130 ಕೊಡಬೇಕು. ಬಿಡಿ ಲೆಕ್ಕ ಎಷ್ಟ ಸಣ್ಣದ ಮಾಡಿದ್ರೂ ಆ 153ರ ಕೆಳಗ ಇಳಿಯಂಗಿಲ್ಲ. ಬರೇ ಎರಡ ಚಾನೆಲ್ ನೋಡಾವಗ ಲೈನ್ ರೊಕ್ಕನ ಚಾನೆಲ್ ರೊಕ್ಕದ ಮೂರ ನಾಕ ಪಟ್ಟು ಆಗ್ತದ. ಇದು ಬಿಡಿ ಪದ್ಧತಿಯೊಳಗಿನ ದೊಡ್ಡ ಕೊರತಿ ಅಂತ ನನಗ ಅನಸ್ತದ, ಅದಕ್ಕ ‘ನೋಡಿದಷ್ಟಕ್ಕ ರೊಕ್ಕಾ’ ಅನ್ನೋ ಮಾತು ಪೂರ್ತಿ ನಿಜ ಆಗಲಿಲ್ಲ.

ಕೆನಡಾದಾಗೂ 2016ರಾಗ ಹಿಂಗ ಮಾಡಿದ್ರು, 25 ಡಾಲರ್ ಮೀರದ ಒಂದ ಬೇಸಿಕ್ ಪ್ಯಾಕ್ ಮಾರ್ಚ್‌ನಿಂದ, ಮಿಕ್ಕ ಚಾನೆಲ್ ಬಿಡಿಯಾಗಿ ಇಲ್ಲಾ ಸಣ್ಣ ಗುಂಪಿನಾಗ ಅಂತ. ಅಲ್ಲೂ ಮೊದಲ ಬೇಸಿಕ್ ಕಟ್ಟಿದ ಮ್ಯಾಲನ ಬಿಡಿ.

ಪ್ಯಾಕ್ ಯಾಕ ಅಷ್ಟ ಸಸ್ತಾ ಕಾಣ್ತದ ಅಂದ್ರ ಅದಕ್ಕೂ ಕಾರಣ ಐತಿ. ಚಾನೆಲ್ ಕಂಪನಿಗೆ ನಮ್ಮ 19 ರೂಪಾಯಿ ಅಷ್ಟ ಅಲ್ಲ ಆದಾಯ, ಜಾಹೀರಾತು ಐತಿ. ಎಷ್ಟ ಮನಿಗೆ ನಮ್ಮ ಚಾನೆಲ್ ಮುಟ್ಟೇತಿ ಅಂತ ತೋರಿಸಿದ್ರ ಜಾಹೀರಾತು ರೇಟ್ ಏರ್ತದ, ಅದಕ್ಕ ಒಂದ ಛಲೋ ಓಡೋ ಚಾನೆಲ್ ಜೋಡಿ ಯಾರೂ ಕೇಳದ ಐದಾರ ಚಾನೆಲ್ ಕಟ್ಟಿ ಇಡಗಂಟಾಗಿ ಕೊಡ್ತಾರ. ಬಿಡಿ ರೇಟ್ ಮ್ಯಾಲ ಏರಿಸಿ ಇಟ್ಟು ಗುಂಪಿನ ರೇಟ್ ಇಳಿಸಿದ್ರ ಯಾರ ಬಿಡಿ ತೊಗೊಂತಾರ? ಟ್ರಾಯ್‌ದವರು ಇದನ್ನ ಮೊದಲ ಸಲನ ಕಂಡು ರಿಯಾಯತಿ ಶೇ. 15 ದಾಟಬಾರದು ಅಂತ ಹಾಕಿದ್ರು, ಮದ್ರಾಸ್ ಹೈಕೋರ್ಟ್‌ನಾಗ ಅದು ಬಿದ್ದಹೋತು. 2020ರಾಗ ಮತ್ತ ಪ್ರಯತ್ನ ಮಾಡಿದ್ರು, ಗುಂಪಿನ್ಯಾಗಿನ ಬಿಡಿ ರೇಟ್ ಎಲ್ಲಾ ಕೂಡಿಸಿದ್ರ ಗುಂಪಿನ ರೇಟಿನ ಒಂದೂವರಿ ಪಟ್ಟು ದಾಟಬಾರದು ಅಂತ. ಕೊನಿಗೆ 2022ರಾಗ ಬಂದ ನಿಂತದ್ದು ಶೇ. 45ಕ್ಕ. ಅಂದ್ರ ಬಿಡಿಯಾಗಿ 100 ರೂಪಾಯಿ ಆಗೋ ಚಾನೆಲ್‌ಗಳನ್ನ 55ಕ್ಕ ಗಂಟು ಕಟ್ಟಿ ಕೊಡಬಹುದು. ನಮ್ಮ 404, 360 ಲೆಕ್ಕ ಹುಟ್ಟಿದ್ದು ಇದರಾಗಿಂದನ. ರಿಯಾಯತಿ ಸಿಗ್ತದ ಅಂತ ನಮಗ ಖುಷಿ, ಆದ್ರ ಅದ ರಿಯಾಯತಿಗಾಗಿ ಬಿಡಿ ರೇಟ್ ಮ್ಯಾಲ ಉಳಕೊಂಡು ಗದಗಿನ ಅವ್ವನಂಥವರು ಹೆಚ್ಚ ಕೊಡ್ತಾರ. ಇದು ನನಗ ಸರಿ ಅನ್ನಸಂಗಿಲ್ಲ. ನಾ ಪ್ಯಾಕ್‌ನ ಲಾಭ ತೊಗೊಳಾಕತ್ತೇನಿ, ಆದ್ರೂ ಸರಿ ಅನ್ನಸಂಗಿಲ್ಲ.

ಇನ್ನೊಂದ ಗೊತ್ತಿರಬೇಕಾದ್ದು, ಪ್ಯಾಕ್ ಅಂದ್ರ ಒಂದ ಥರ ಅಲ್ಲ. ಚಾನೆಲ್ ಕಂಪನಿ ತನ್ನವಷ್ಟ ಸೇರಿಸಿ ಮಾಡೋ ಸಣ್ಣ ಗುಂಪು ಒಂದು, ಅದಕ್ಕ ಬೊಕೆ ಅಂತಾರ, ಆಪರೇಟರ್ ಎಲ್ಲಾ ಕಂಪನೀವೂ ಸೇರಿಸಿ ಮಾಡೋ ದೊಡ್ಡ ಪ್ಯಾಕ್ ಇನ್ನೊಂದು. ಕೇಬಲ್ ಹುಡುಗ ಹೇಳೋದು ಎರಡನೇದನ್ನಷ್ಟ. ಒಂದ ಕಂಪನೀದು ಮೂರ ನಾಕ ಚಾನೆಲ್ ನೋಡೋ ಮನಿಗೆ ಆ ಕಂಪನಿ ಬೊಕೆ ಒಂದು, ಉಳದವು ಬಿಡಿ, ಹಿಂಗ ಮಾಡಿದ್ರ ಹೆಚ್ಚಿನ ಮಂದಿಗೆ ಹೊಂದ್ತದ. ಆಫೀಸಿನ ಅಕ್ಕಾರ ಇದನ್ನ ನನಗ ತೋರಿಸಿದ್ದು.

ಇದರಾಗ ಒಂದ ಹುಷಾರಿ ಬೇಕು. ಹುಬ್ಬಳ್ಳಿಯೊಳಗ ದೊಡ್ಡ ಟಿವಿ ತಂದಾಗ ಎಚ್‌ಡಿ ಬೇಕಂತ ಕೇಳಿದ್ವಿ, ಹಳೇ ಪ್ಯಾಕ್ ತಗೀದನ ಮ್ಯಾಲ ಎಚ್‌ಡಿ ಗುಂಪು ಕೂಡಿಸಿ ಬಿಟ್ಟಿದ್ರು, ಒಂದ ಚಾನೆಲ್‌ಗೆ ಸಾದಾ ಒಂದ್ಸಲ ಎಚ್‌ಡಿ ಒಂದ್ಸಲ ಎರಡ ರೊಕ್ಕಾ ಐದ ತಿಂಗಳ ಹೋತು. ಒಂದ ಬೊಕೆಯೊಳಗ ಎರಡೂ ಹಾಕಾಕ ಬರಂಗಿಲ್ಲ ಅನ್ನೋ ರೂಲ್ ಐತಿ, ಆದ್ರ ಎರಡ ಬ್ಯಾರೆ ಬ್ಯಾರೆ ಗುಂಪು ನಮ್ಮ ಹೆಸರ ಮ್ಯಾಲ ಇದ್ರ ಯಾರ ತಡೀಬೇಕು? ಹೇಳಿದ ಮ್ಯಾಲ ತಗದ್ರು, ಹೋದ ರೊಕ್ಕಾ ಹೊಳ್ಳಿ ಬರಲಿಲ್ಲ.

ಬಾಜೂ ಮನಿ ಕಾಕೂಂದು ಇನ್ನೊಂದ ಥರ. ಅವರ ಮನಿಯೊಳಗ ಮರಾಠಿ. ಹುಬ್ಬಳ್ಳಿ ಧಾರವಾಡದಾಗ ಮರಾಠಿ, ಉರ್ದು, ಕೊಂಕಣಿ, ತೆಲುಗು ಮಾತಾಡೋ ಮನಿ ಓಣಿಗೊಂದ ಇರ್ತಾವು, ಕನ್ನಡ ಪ್ಯಾಕ್ ಮಾಡಿದವರಿಗೆ ಅದು ಕಾಣಂಗಿಲ್ಲ. ಒಂದ ಮರಾಠಿ ಚಾನೆಲ್ ಬೇಕಂದ್ರ ಇನ್ನೊಂದ ಪೂರ್ತಿ ಪ್ಯಾಕ್ ತೊಗೊರಿ ಅಂದಿದ್ರಂತ. ನಾ ಹೋಗಿ ಕನ್ನಡ ಪ್ಯಾಕಿನ ಮ್ಯಾಲ ಜೀ ಮರಾಠಿ ಒಂದ ಬಿಡಿ ಹಾಕ್ಸಿ ಕೊಟ್ಟೆ, 19 ರೂಪಾಯಿ ಪ್ಲಸ್ ಜಿಎಸ್‌ಟಿ, 22 ರೂಪಾಯಿ ಚಿಲ್ಲರದಾಗ ಮುಗೀತು. ಕಾಕೂ ಆವತ್ತ ಸಂಜಿಗೆ ಪುರಣಪೋಳಿ ಕಳಿಸಿದ್ರು. ಬಿಡಿ ಚಾನೆಲ್‌ದ ಖರೇ ಉಪಯೋಗ ನನಗ ಕಂಡದ್ದು ಇಲ್ಲೆ, ಪ್ಯಾಕ್ ಬಿಡಬೇಕಂತಿಲ್ಲ, ಅದರ ಮ್ಯಾಲ ಒಂದ ಬಿಡಿ ಕೂಡಿಸಬಹುದು.

ಕ್ರಿಕೆಟ್‌ದೂ ಹಂಗ. ತಮ್ಮಗ ಕನ್ನಡ ಕಾಮೆಂಟ್ರಿಯೊಳಗ ಐಪಿಎಲ್ ಬೇಕು, ಅದು ಎರಡ ತಿಂಗಳ ಹಬ್ಬ. ಗದಗಿನಾಗ ಬ್ಯಾಸಗಿ ಸೂಟಿಗೆ ಹುಡುಗೂರು ಅವ್ವನ ಹತ್ರ ಹೋದಾಗ ಅಲ್ಲೂ ಎರಡ ತಿಂಗಳ ಸ್ಪೋರ್ಟ್ಸ್ ಒಂದ ಹಾಕ್ಸಿದೆ, ಜೂನ್‌ದಾಗ ತಗಸಿದೆ. ಪ್ಯಾಕ್‌ನಾಗ ಇದ್ರ ಹನ್ನೆರಡೂ ತಿಂಗಳ ಕೊಡಬೇಕಿತ್ತು.

ಈಗ ಆಪರೇಟರ್ ಬಗ್ಗೆ. ಅವರು ಬಿಡಿ ಕೊಡಾಕ ಯಾಕ ಹಿಂದ ಸರೀತಾರ ಅನ್ನೋದನ್ನೂ ನೋಡಬೇಕಲ್ಲ. 2017ರ ನಿಯಮದ ಮಾದರಿ ಒಪ್ಪಂದದ ಪ್ರಕಾರ 130ರ ಲೈನ್ ರೊಕ್ಕದಾಗ ಮ್ಯಾಲಿಂದ ಸಿಗ್ನಲ್ ಕೊಡೋ ದೊಡ್ಡ ಕೇಬಲ್ ಕಂಪನಿಗೆ ಶೇ. 55, ಓಣಿ ಆಪರೇಟರ್‌ಗೆ ಶೇ. 45, ಅಂದ್ರ 58 ರೂಪಾಯಿ 50 ಪೈಸೆ. 19 ರೂಪಾಯಿ ಚಾನೆಲ್‌ನಾಗ ಹಂಚಿದ್ದಕ್ಕ ಅಂತ ಸಿಗೋದು ಶೇ. 20, 3 ರೂಪಾಯಿ 80 ಪೈಸೆ, ಅದನ್ನೂ ಇಬ್ಬರು ಹಂಚ್ಕೊಂಡ್ರ ಓಣಿಯವಗ ಬರೋದು 1 ರೂಪಾಯಿ 71 ಪೈಸೆ. ಮಳಿಯೊಳಗ ಕಂಬಾ ಹತ್ತಿ ವೈರ್ ಜೋಡ್ಸೋ ಹುಡುಗನ ಪಗಾರ ಇದರಾಗಿಂದ ಬರಬೇಕು. ನಾ ಅವ್ವಗ 87 ರೂಪಾಯಿ ಉಳಸಿದೆ ಅಂದ್ರ ಅದರಾಗ ಆ ಹುಡುಗಂದೂ ಆರೇಳ ರೂಪಾಯಿ ಹೋತು. ಅದು ನನಗ ಗೊತ್ತೈತಿ, ಅದಕ್ಕ ದೀಪಾವಳಿಗೆ ಅವಗ ಕೈಯಾಗ ಬ್ಯಾರೆ ಕೊಟ್ಟ ಬಂದೆ. ಆದ್ರ ಅವನ ಪಗಾರ ಅವ್ವ ನೋಡದ ಚಾನೆಲ್‌ನಾಗಿಂದ ಬರಬಾರದು, ಲೈನ್ ರೊಕ್ಕದಾಗಿಂದ ನೇರ ಬರಬೇಕು, ಅದಕ್ಕ ಬೇಕಾದ್ರ ಹತ್ತ ರೂಪಾಯಿ ಹೆಚ್ಚ ಕೊಡೋಣು.

ಅಂದ ಹಂಗ 2024ರ ಜುಲೈದಾಗ ಟ್ರಾಯ್ ಆ 130ರ ಹದ್ದನ್ನೂ ತಗದೇತಿ, ಈಗ ಎನ್‌ಸಿಎಫ್ ಎಷ್ಟಂತ ಆಪರೇಟರನ ಠರಾಯಿಸಬಹುದು, ಏರಿಯಾ ಮ್ಯಾಲ ಗಿರಾಕಿ ಮ್ಯಾಲ ಬ್ಯಾರೆ ಬ್ಯಾರೆ ಇಡಬಹುದು, ಆದ್ರ ಅದನ್ನ ಪ್ರಕಟ ಮಾಡಬೇಕು. ನಮ್ಮ ಎರಡೂ ಆಪರೇಟರ್ ಸದ್ಯ 130ನ ಇಟ್ಟಾರ, ಆ ಮಟ್ಟಿಗೆ ಅವರಿಗೆ ಥ್ಯಾಂಕ್ಸ್ ಹೇಳಬೇಕು. ಲೈನ್ ರೊಕ್ಕಾ ಏರಿತಂದ್ರ ಮಾತ್ರ ನನ್ನ ಗದಗಿನ ಲೆಕ್ಕ ಪೂರ್ತಿ ಕೆಡ್ತದ, ಆಗ ಬಿಡಿಗೆ ಅರ್ಥ ಉಳಿಯಂಗಿಲ್ಲ.

2023ರ ಫೆಬ್ರವರಿ ನೆನಪೈತೇನ್ರಿ? ಹೊಸ ರೇಟಿನ ಒಪ್ಪಂದಕ್ಕ ಸಹಿ ಮಾಡ್ಲಿಲ್ಲ ಅಂತ ದೊಡ್ಡ ಚಾನೆಲ್ ಕಂಪನಿಗಳು ಕೇಬಲ್‌ನವರಿಗೆ ಸಿಗ್ನಲ್ ಬಂದ ಮಾಡಿದ್ವು, ದೇಶದಾಗ ಸುಮಾರ 4.5 ಕೋಟಿ ಮನಿಗೆ ಹೊಡತ ಬಿತ್ತು ಅಂತ ಕೇಬಲ್ ಸಂಘದವರು ಹೇಳಿದ್ರು. ನಮ್ಮ ಮನ್ಯಾಗೂ ಕೆಲವು ಚಾನೆಲ್ ಕರೀ ಸ್ಕ್ರೀನ್, ಮಾವ್ನೋರು ಟಿವಿ ಕೆಟ್ಟೇತಿ ಅಂತ ಮೆಕ್ಯಾನಿಕ್‌ನ್ನ ಕರಸಿದ್ರು. ಪ್ಯಾಕಿನವರಿಗೂ ಬಿಡಿಯವರಿಗೂ ಒಂದ ಗತಿ. ಆ ದಿನದ ರೊಕ್ಕಾ ಯಾರೂ ಕಡಿಮಿ ಮಾಡ್ಲಿಲ್ಲ.

ಇಷ್ಟೆಲ್ಲಾ ಯಾಕ, ಫ್ರೀ ಡಿಶ್ ಹಾಕ್ಸು ಅಂತ ಗೆಳೆಯರು ಹೇಳ್ತಾರ. ಡಿಡಿ ಫ್ರೀ ಡಿಶ್‌ಗೆ ತಿಂಗಳ ರೊಕ್ಕಾನ ಇಲ್ಲ, ಛತ್ರಿ ಬಾಕ್ಸ್ ಒಮ್ಮೆ ತೊಗೊಂಡ್ರ ಆತು, ಚಂದನ ಬರ್ತದ. ಆದ್ರ ಅವ್ವನ ನಾಕ ಸೀರಿಯಲ್ ಚಾನೆಲ್ ಅದರಾಗ ಬರಂಗಿಲ್ಲ, ಹಂಗಾಗಿ ಅದನ್ನ ಬಿಟ್ಟೆ. ಹಿಂದಿ ನೋಡೋ ಮನಿಗೆ ಛಲೋ ಹೊಂದ್ತದ.

ಮಾರ್ಕ್ಸ್ ಕೊಡಬೇಕಂದ್ರ ಹುಬ್ಬಳ್ಳಿ ಪ್ಯಾಕಿಗೆ ಐದಕ್ಕ ಮೂರೂವರಿ, ರೊಕ್ಕಾ ಹೊಂದೇತಿ, ಸಿಗ್ನಲ್ ಛಲೋ ಐತಿ, ಹೇಳದ ಕೇಳದ ಗುಂಪು ಕೂಡ್ಸಿದ್ದಕ್ಕ ಒಂದೂವರಿ ಕಡಿಮಿ. ಗದಗಿನ ಬಿಡಿ ಚಾನೆಲ್‌ಗೆ ಒಮ್ಮೆ ಚಾಲೂ ಆದ ಮ್ಯಾಲ ನಾಕು, ಚಾಲೂ ಮಾಡಿಸಿಕೊಳ್ಳೋ ತ್ರಾಸಿಗೆ ಒಂದು. ಒಬ್ಬರ ಇಲ್ಲಾ ಇಬ್ಬರ ಇರೋ ಮನಿ, ನಾಕೈದ ಪೇ ಚಾನೆಲ್ ಸಾಕನ್ನೋರು ಆಫೀಸಿಗೆ ಹೋಗಿ ಬಿಡಿ ಕೇಳ್ರಿ, ‘ಸಿಸ್ಟಮ್‌ನಾಗ ಬರಂಗಿಲ್ಲ’ ಅಂದ್ರ ಬರ್ತದ ಅಂತ ಹೇಳ್ರಿ. ಆರೇಳ ಮಂದಿ ಇದ್ದು ಒಬ್ಬೊಬ್ಬರದ ಒಂದೊಂದ ರುಚಿ ಅಂದ್ರ ಪ್ಯಾಕ್ ಇಟಗೊರಿ, ಬೇಕಾದ ಒಂದೆರಡ ಬಿಡಿ ಮ್ಯಾಲ ಹಾಕ್ಕೊರಿ. ಊರಾಗ ವಯಸ್ಸಾದ ತಂದಿ ತಾಯಿ ಇದ್ರ ಮುಂದಿನ ಸಲ ಹೋದಾಗ ರಿಮೋಟ್ ಹಿಂದ ಏನ ಬರದಾರ ನೋಡ್ರಿ, ಬಿಲ್ ಯಾವ ನಂಬರಿಗೆ ಹೋಗ್ತದ ಅಂತ ಕೇಳ್ರಿ.

ಹೋದ ವಾರ ಅವ್ವನ ಫೋನ್ ಬಂದಿತ್ತು. ಶ್ರಾವಣ ಅಲ್ಲ, ಸೋಮವಾರ ಪುರಾಣ ಮುಗಿಸಿಕೊಂಡು ಓಣಿ ಹೆಣಮಕ್ಕಳು ಮೂರ ನಾಕ ಮಂದಿ ಆಕಿ ಮನಿಗೆ ಬರ್ತಾರ, ಚಾ ಕುಡೀತಾರ, ಮಧ್ಯಾನ್ಹ ಎಲ್ಲಾರೂ ಕೂಡಿ ಹಳೇ ಸಿನಿಮಾ ನೋಡೋಣು ಅಂತಾರಂತ. ‘ತಮ್ಮಾ, ಆ ಸಿನಿಮಾದ್ದು ಒಂದ ಹಾಕ್ಸತೀ ಏನು, ಎಷ್ಟ ಆಗ್ತದ?’ ಅಂದ್ಲು. ಎಷ್ಟ ಆಗ್ತದ ಅಂತ ಆಕಿ ಕೇಳಿದ್ದು ಇದ ಮೊದಲು. ಹೆಚ್ಚಂದ್ರ 22 ರೂಪಾಯಿ ಚಿಲ್ಲರ ಅವ್ವಾ, ಒಟ್ಟ ಬಿಲ್ 266 ದಾಟಂಗಿಲ್ಲ ಅಂದೆ. ಆಫೀಸಿನ ಅಕ್ಕಾರಿಗೆ ಫೋನ್ ಮಾಡಿದ್ದಕ್ಕ ಸಂಜಿಯೊಳಗ ಬಂತು. ಚೀಟಿ ಮ್ಯಾಲ ಆರನೇ ನಂಬರ್ ಬರಕೊಂಡಾಳ, ಶ್ರಾವಣ ಮುಗದ ಮ್ಯಾಲ ಅದನ್ನ ಇಡಬೇಕೋ ತಗೀಬೇಕೋ ಆಕೀನ ಹೇಳ್ತೇನಿ ಅಂದಾಳ.